ಗಣಿಗೆ ಇಳಿಯದವರ ಕಿವುಡು

ಶನಿವಾರ ಶಾಲೆಯಲ್ಲಿ ಓಟದ ಪಂದ್ಯ. ಮೊಮ್ಮಗಳು ಲಿಖಿತ ಓಡಬಹುದೋ ಬಾರದೋ ಎಂಬುದನ್ನು ಡಾಕ್ಟರ್ ಶ್ಯಾಮಲ ಗುರುವಾರ ಹೇಳಬೇಕಾಗಿತ್ತು. ಅಮ್ಮಾಜಮ್ಮ ಬೆಳಿಗ್ಗೆಯೇ ಮುನೇಶ್ವರನಿಗೆ ಕರ್ಪೂರ ಹಚ್ಚಿ, ಹುಡುಗಿಯ ಕೈ ಹಿಡಿದು, ಬಂಗಾರಪೇಟೆಯ ಆಸ್ಪತ್ರೆಯ ಬೆಂಚಿನ ಮೇಲೆ ಬಂದು ಕುಳಿತಿದ್ದಳು.

ಮಗ ಬಾಲಾಜಿ ಹೋಗಿ ಹತ್ತು ತಿಂಗಳಾಗಿತ್ತು. ಡೈರಿಯ ಮುಂದೆ ಹಾಲಿನ ಕ್ಯಾನು ಇಳಿಸುತ್ತಿದ್ದವನು ಹಾಗೆಯೇ ಕುಸಿದಿದ್ದ. ಮೂವತ್ತಾರು ವಯಸ್ಸು, ಹೃದಯದ ಗೋಡೆ ದಪ್ಪವಾಗಿತ್ತಂತೆ. ಅಂದಿನಿಂದ ಅವನ ಮಗಳು ಓಡುವಂತಿರಲಿಲ್ಲ, ಹಗ್ಗದಾಟ ಆಡುವಂತಿರಲಿಲ್ಲ.

ಮೂರು ವಾರದ ಹಿಂದೆ ಡಾಕ್ಟರು ಮನೆತನದ ವಿವರ ಕೇಳಿದಾಗ, ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ದುಡಿದಿದ್ದ, ಅಮ್ಮಾಜಮ್ಮನ ಗಂಡನ ಅಣ್ಣ ಕೋದಂಡಪ್ಪನೇ ಮುಂದಾಗಿ ಉತ್ತರ ಕೊಟ್ಟಿದ್ದ. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಹೇಳುವಂತೆ ಅಪ್ಪ, ತಾತ, ಮುತ್ತಾತರ ಹೆಸರುಗಳನ್ನು ಒಪ್ಪಿಸಿದ. ಹೆಣ್ಣಿನ ಹೆಸರು ಒಂದೂ ಬರಲಿಲ್ಲ.

"ನಮ್ ಪೈಕಿ ಗುಂಡಿಗೆ ಗಟ್ಟಿ ಕಣಮ್ಮಾ! ನಮ್ ತಾತ ತೊಂಬತ್ತಕ್ಕೂ ಗುದ್ಲಿ ಇಡೀತಿದ್ದ."

"ಬಾಲಾಜಿಗೆ ಸಕ್ಕರೆ ಕಾಯಿಲೆ ಇತ್ತು, ಕಿವಿಯೂ ಮಂದ ಅಂತ ಚೀಟಿಯಲ್ಲಿದೆ. ಹಾಗೆ ಇನ್ಯಾರಿಗಾದರೂ ಇತ್ತೆ?"

"ಗಣಿ ಊರಲ್ಲಿ ಕಿವುಡಿಲ್ದೋರು ಯಾರವ್ರೆ? ಎಲ್ಲಾ ಮದ್ದು ಸಿಡ್ಸಿದ್ ಸದ್ದು. ನಂಗೂ ಕೇಳ್ಸಲ್ಲ."

ಅಮ್ಮಾಜಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಬಾಲಾಜಿ ಯಾವತ್ ಗಣಿಗೆ ಇಳ್ದ ಬಾವ? ನಮ್ಮವ್ವ ಗಣಿ ಬಾಯಿನೇ ಕಂಡೋಳಲ್ಲ. ಅವಳೂ ಕಿವುಡಿ, ನಮ್ಮಕ್ಕನೂ ಕಿವುಡಿ. ಇಬ್ರಿಗೂ ಸಕ್ಕರೆ. ಇಬ್ರೂ ಉಸ್ರು ಸಿಕ್ದೆ ಸತ್ರು."

"ಸುಮ್ಕಿರಮ್ಮಾ, ಅದು ನಿನ್ ತೌರು ಮನೆ ಸುದ್ದಿ."

"ನೀವು ಸುಮ್ಮನಿರಿ ಯಜಮಾನರೇ!" ಎನ್ನುತ್ತ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. "ಅಮ್ಮಾ, ಮೈಯ ಜೀವಕೋಶಗಳೊಳಗೆ ಪುಟ್ಟ ಪುಟ್ಟ ಒಲೆಗಳಿವೆ, ಮೈಟೊಕಾಂಡ್ರಿಯಾ ಅಂತ. ಅವಕ್ಕೆ ತಮ್ಮದೇ ಡಿಎನ್‌ಎ ಇದೆ. ಅದರಲ್ಲಿ ಒಂದಕ್ಷರ ಕೆಟ್ಟರೂ ಉರಿ ಸಾಲದಾಗುತ್ತೆ. ಬಿಡುವಿಲ್ಲದೆ ದುಡಿಯೋ ಹೃದಯ ಸೋಲುತ್ತೆ, ಕಿವಿಯೂ ಸೋಲುತ್ತೆ, ಸಕ್ಕರೆಯೂ ಏರುತ್ತೆ. ಮಕ್ಕಳಿಗೆ ಅದು ಬರೋದು ತಾಯಿಯಿಂದ, ತಂದೆಯಿಂದಲ್ಲ." ಅಂದೇ ಅಜ್ಜಿ ಮೊಮ್ಮಗಳಿಬ್ಬರ ರಕ್ತವೂ ಬೆಂಗಳೂರಿಗೆ ಹೋಗಿತ್ತು.

ಈಗ ಬಾಗಿಲು ತೆರೆಯಿತು. ಡಾಕ್ಟರು ಕಾಗದ ಹಿಡಿದು ಹೊರಬಂದರು.

"ಲಿಖಿತಳಿಗೆ ಇಲ್ಲ! ಅವಳ ಒಲೆಗಳೆಲ್ಲ ಅವಳ ತಾಯಿ ಸುಮಲತ ಕೊಟ್ಟವು. ಹೃದಯದ ಸ್ಕ್ಯಾನೂ ಚೆನ್ನಾಗಿದೆ. ಓಡಲಿ!"

ಹುಡುಗಿ ಬೆಂಚಿನ ಮೇಲೆ ಹತ್ತಿ ಕುಣಿದಳು. ಅಮ್ಮಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಂಗೆ?"

"ನಿಮಗೆ ಸ್ವಲ್ಪ ಇದೆ. ಬಾಲಾಜಿಗೆ ಹೆಚ್ಚು ಬಂದಿರಬೇಕು."

"ಅಂಗಾದ್ರೆ ನಾನೇ ಕೊಟ್ನಾ ಡಾಕ್ಟ್ರಮ್ಮ?"

"ಗೊತ್ತಿಲ್ಲದೆ ಕೊಟ್ಟಿರಿ. ನಿಮ್ಮವ್ವನೂ ಗೊತ್ತಿಲ್ಲದೆ ಕೊಟ್ಟರು. ಬೇರೆ ಮಕ್ಕಳಿದ್ದಾರೆಯೆ?"

"ಇಲ್ಲ," ಎಂದ, ಇಂದೂ ಜೊತೆಗೆ ಬಂದಿದ್ದ ಕೋದಂಡಪ್ಪ.

"ಅದೇನ್ ಇಲ್ಲ? ಊರಿಗಾಂನಲ್ಲಿ ರಾಧ ಇಲ್ವಾ!"

"ಅವ್ಳು ಕೊಟ್ಟ ಮನೆಯೋಳು."

"ನನ್ ಒಟ್ಟೇಲಿ ಉಟ್ದೋಳು ಬಾವ!" ಅಮ್ಮಾಜಮ್ಮ ಆಗಲೇ ಫೋನು ತೆಗೆದಿದ್ದಳು. "ರಾಧಾ, ಮುಂದಿನ್ ಗಾಡಿಗೇ ಬಾ."

"ಏನವ್ವಾ? ಜೋರಾಗೇಳು, ಕೇಳ್ಸಲ್ಲ!"

ಅಮ್ಮಾಜಮ್ಮ ಫೋನು ಹಿಡಿದೇ ಡಾಕ್ಟರ ಕಡೆ ತಿರುಗಿದಳು. ಡಾಕ್ಟರು ಅವಳ ಭುಜ ಹಿಡಿದು, "ಬರಲಿ. ಮೊದಲೇ ತಿಳಿದರೆ ಹೃದಯವನ್ನು ಕಾಯಬಹುದು. ಔಷಧಿ ಇದೆ, ಬೇಕಾದರೆ ಬಡಿತ ಸರಿ ಮಾಡೋ ಯಂತ್ರವೂ ಇದೆ. ಬಾಲಾಜಿಗೆ ಆ ಸಮಯ ಸಿಗಲಿಲ್ಲ," ಎಂದರು.

"ಬಾರೇ ತಾಯಿ, ಬಾ!" ಎಂದು ಅಮ್ಮಾಜಮ್ಮ ಆಸ್ಪತ್ರೆಯೇ ಬೆಚ್ಚುವಂತೆ ಕೂಗಿದಳು.

ಮಧ್ಯಾಹ್ನ ಸ್ಟೇಷನ್ನಿನಲ್ಲಿ ಗಾಡಿ ಬಂದು ನಿಂತಿತು. ದೂರದ ಡಬ್ಬಿಯಿಂದ ರಾಧ ಇಳಿದದ್ದೇ ತಡ, ಲಿಖಿತ ಅಜ್ಜಿಯ ಕೈ ಬಿಡಿಸಿಕೊಂಡಳು. "ಮೆಲ್ಲಗೆ" ಎಂಬ ಮಾತು ಅಮ್ಮಾಜಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಓಡು ಕಣೇ! ಓಡು! ಅತ್ತೇನ ಬೇಗ ಕರ್ಕೊಂಬಾ!"