ಮೇಲಿನ ಹೊಂಡದ ನೀರುಹಲ್ಲಿಗಳು

ಕೋಕಬಳ ಮನೆಯಲ್ಲಿ ಎರಡನೆಯ ರತ್ನಗಂಬಳಿ ಇರಲಿಲ್ಲ. ಇದ್ದದ್ದು ಒಂದೇ, ಅವಳ ಮದುವೆಗೆ ಅತ್ತೆ ನೇಯ್ದು ಕೊಟ್ಟದ್ದು. ಆ ಚಳಿಗಾಲದಲ್ಲಿ ಸೀಮೆಎಣ್ಣೆ ಒಲೆ ಸೋರಿ ಅದರ ನಡುವೆ ತಟ್ಟೆಯಗಲದ ಕಲೆ ಬಿದ್ದಿತ್ತು. ಅಂಚಿನ ಬಿಳಿ ಕುಚ್ಚು ಹೊಗೆ ಕುಡಿದು ಹಳದಿಯಾಗಿತ್ತು. ಹೊಸವರ್ಷದ ನವ್ರೋಜ್ ಹಬ್ಬದ ಮೂರನೆಯ ದಿನ ಮಗಳು ಗುಲಂದಾಮಳನ್ನು ನೋಡಲು ಗಂಡಿನ ಕಡೆಯವರು ಆಂದೀಮೆಷ್ಕ್‌ನಿಂದ ಬರುವವರಿದ್ದರು.

ಹಬ್ಬಕ್ಕೆ ಮುಂಚೆ ಲುರಿಸ್ತಾನದ ಆ ಹಳ್ಳಿಯ ಹೆಂಗಸರೆಲ್ಲ ಕಂಬಳಿಗಳನ್ನು ಹೊಳೆಗೆ ಹೊತ್ತು, ಸೋಪಿನ ಪುಡಿ ಸುರಿದು, ಕಾಲಿನಿಂದ ತುಳಿದು ತೊಳೆಯುತ್ತಾರೆ. ತೊಳೆಯುವ ಜಾಗ ಹೊಳೆದಂಡೆಯ ಮುರಿದ ಗಿರಣಿಯಿಂದ ಕೆಳಗೆ. ಅದಕ್ಕಿಂತ ಮೇಲೆ ಯಾರೂ ತೊಳೆಯಬಾರದೆಂದು ಗೆರೆ ಎಳೆದವಳೇ ಕೋಕಬ್. ಗಿರಣಿಯ ಮೇಲಿನ ಹೊಂಡದಲ್ಲಿ ನೀರುಹಲ್ಲಿಗಳಿದ್ದವು. ಕಪ್ಪು ಮೈ, ಹಾಲು ಚೆಲ್ಲಿದಂಥ ಬಿಳಿ ಮಚ್ಚೆ, ಬೆನ್ನುದ್ದಕ್ಕೂ ಕಿತ್ತಳೆ ಪಟ್ಟೆ, ಕಿತ್ತಳೆ ಕಾಲು. ಹೆಸರಿಗೆ ಹಲ್ಲಿ, ಕುಲ ಕಪ್ಪೆಯದು. ವರ್ಷದ ಹೆಚ್ಚು ಕಾಲ ಓಕ್ ಮರಗಳ ಬುಡದಲ್ಲಿ, ಕಲ್ಲಿನಡಿ ಸತ್ತಂತೆ ಬಿದ್ದಿರುತ್ತವೆ. ಚಳಿಗಾಲದ ಮಳೆ ಬಿದ್ದ ಮೇಲೆ ಹೊಂಡಕ್ಕೆ ಇಳಿಯುತ್ತವೆ. ಗಂಡು ಹೆಣ್ಣಿನ ಮೂತಿಯ ಮುಂದೆ ಬಾಲವನ್ನು ಬೀಸಣಿಗೆಯಂತೆ ಆಡಿಸುತ್ತದೆ. ಹೆಣ್ಣು ಮೊಟ್ಟೆಗಳನ್ನು ಒಂದೊಂದಾಗಿ ಕಲ್ಲಿನ ಅಡಿಗೆ ಅಂಟಿಸುತ್ತದೆ. ಯಾವ ಎರಡರ ಮಚ್ಚೆಯೂ ಒಂದೇ ತರಹ ಇರುವುದಿಲ್ಲ. ಪರಿಸರ ಕಚೇರಿಯವರು ಕೊಟ್ಟ ನೋಟ್‌ಬುಕ್ಕಿನಲ್ಲಿ ಕೋಕಬ್ ಒಂಬತ್ತು ವರ್ಷದಿಂದ ಅವುಗಳ ಲೆಕ್ಕ ಬರೆಯುತ್ತಿದ್ದಳು. ಹಲವನ್ನು ಮಚ್ಚೆ ನೋಡಿಯೇ ಗುರುತಿಸುತ್ತಿದ್ದಳು. ಊರಿನವರು ಅವಳನ್ನು ಹಲ್ಲಿಗಳ ಅಮ್ಮ ಎಂದು ಆಡಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಓರಗಿತ್ತಿ ಮಾಹ್‌ತಲತ್ ಹೊಂಡದ ಪಕ್ಕ ತೊಳೆಯಲು ಕಂಬಳಿ ಹಾಸಿದ್ದಳು. ಕೋಕಬ್ ಎಲ್ಲರೆದುರು ಕೂಗಾಡಿ, ಕರುವಿನಷ್ಟು ಭಾರವಾಗಿದ್ದ ಆ ಒದ್ದೆ ಕಂಬಳಿಯನ್ನು ಗಿರಣಿಯ ಕೆಳಗಿನವರೆಗೆ ಅವಳಿಂದಲೇ ಹೊರಿಸಿದ್ದಳು. ಮಾಹ್‌ತಲತ್ ಆಗ ಅಂದದ್ದು ಇಷ್ಟೇ: "ನನ್ನ ಸೊಂಟಕ್ಕಿಂತ ನಿನ್ನ ಹಲ್ಲಿ ಹೆಚ್ಚಾಯ್ತಲ್ಲೇ!"

ಈ ಸಲ ಕೆಳಗೆ ರಸ್ತೆ ಅಗೆಯುವ ಯಂತ್ರ ಬಂದು, ಗಿರಣಿಯ ಕೆಳಗಿನ ನೀರು ಕೆಂಪು ಕೆಸರಾಗಿತ್ತು. ಬೇರೆಯವರು ತೊಳೆಯದೆ ಬಿಟ್ಟರು, ಇಲ್ಲವೆ ಬೇರೆ ಕಂಬಳಿ ಹಾಸಿದರು. ಕೋಕಬ್ ಎರಡು ದಿನ ಕಾದಳು. ಹಬ್ಬದ ಮುನ್ನಾದಿನ ಮಧ್ಯಾಹ್ನ ಊರು ಊಟಕ್ಕೆ ಕೂತಾಗ ಕಂಬಳಿಯನ್ನು ಕತ್ತೆಯ ಮೇಲೆ ಹೇರಿಕೊಂಡು ಹೊಂಡದ ಮೇಲಿನ ಬಂಡೆಗೆ ಹೋದಳು.

ಹರಿಯುವ ನೀರು, ಒಂದೇ ಕಂಬಳಿ, ಒಂದೇ ಸಲ ಎಂದುಕೊಂಡಳು. ಕಲೆಗೆ ಪುಡಿ ಹಾಕಿ ತುಳಿದಳು. ಕುಚ್ಚಿಗೆ ಬ್ಲೀಚ್ ಸುರಿದಳು. ನೊರೆ ಹೊಂಡಕ್ಕೆ ಇಳಿಯಿತು. ಆ ಪ್ರಾಣಿ ಮೈಯ ತೊಗಲಿನಿಂದಲೂ ಉಸಿರಾಡುತ್ತದೆ ಎಂದು ಶಾಲೆಯ ಮಕ್ಕಳಿಗೆ ಪಾಠ ಹೇಳಿದವಳು ಅವಳೇ. ಹೊಂಡದ ಕಡೆ ಬೆನ್ನು ಹಾಕಿ ತುಳಿದಳು. ಕಲೆ ಹೋಯಿತು, ಕುಚ್ಚು ಹಾಲಿನಂತೆ ಬಿಳುಪಾಯಿತು. ಬ್ಲೀಚ್ ಸಿಡಿದು ಕೆಂಪು ಅಂಚಿನ ಒಂದು ಮೂಲೆ ಮಾತ್ರ ಗೋಧಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ದಿಂಬು ಇಟ್ಟರಾಯಿತು.

ಮುಗಿಸಿ ತಿರುಗಿದಾಗ ನೀರುಹಲ್ಲಿಗಳು ಒಣ ಬಂಡೆಗೆ ಹತ್ತುತ್ತಿದ್ದವು. ನಡು ಹಗಲಲ್ಲಿ ಅವು ನೀರು ಬಿಟ್ಟು ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಒಂದನ್ನು ಹಿಡಿದು ಮೇಲಿನ ತಿಳಿನೀರಿಗೆ ಬಿಟ್ಟಳು. ಅದು ಮಗುಚಿಕೊಂಡಿತು. ಅವಳು ಕಂಬಳಿಯನ್ನು ಸುರುಳಿ ಸುತ್ತಿ ಕತ್ತೆಯ ಮೇಲೆ ಹೇರಿಕೊಂಡು ಮನೆಗೆ ಬಂದಳು. ಯಾರಿಗೂ ಹೇಳಲಿಲ್ಲ.

ಹಬ್ಬದ ಮೂರನೆಯ ದಿನ ಗಂಡಿನ ತಾಯಿ ಕಂಬಳಿಯ ಮೇಲೆ ಕೂತು ಕುಚ್ಚು ಸವರಿದಳು.

"ಎಷ್ಟು ಬೆಳ್ಳಗಿಟ್ಟಿದ್ದೀರಮ್ಮ! ಮನೆ ಹೆಂಗಸಿನ ಕೈ ಇಲ್ಲೇ ಗೊತ್ತಾಗುತ್ತೆ."

ಗುಲಂದಾಮ್ ಚಹಾ ತಂದಳು. ಅಷ್ಟರಲ್ಲಿ ಬಾಗಿಲಲ್ಲಿ ಪರಿಸರ ಕಚೇರಿಯ ದಾವರಿ ಸಾಹೇಬರು ಬೂಟು ಬಿಚ್ಚುತ್ತಿದ್ದರು. ಕುರಿ ಕಾಯುವವನೊಬ್ಬ ಅವರಿಗೆ ಫೋನ್ ಮಾಡಿದ್ದ.

"ಹಬ್ಬದ ಹೊತ್ತಲ್ಲಿ ಬಂದೆ, ಕ್ಷಮಿಸಿ. ಕೋಕಬಮ್ಮ, ಹೊಂಡ ನೋಡಿದ್ರಾ? ಎಲ್ಲಾ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿವೆ. ಬಂಡೆ ಮೇಲೆ ಸೋಪಿನ ಪುಡಿ ಬಿದ್ದಿದೆ. ಯಾರೋ ಕಂಬಳಿ ತೊಳೆದಿದ್ದಾರೆ."

ಕೋಣೆಯಲ್ಲಿದ್ದ ಊರಿನವರ ಕಣ್ಣೆಲ್ಲ ಮಾಹ್‌ತಲತಳ ಮೇಲೆ ಹೋಯಿತು. ಅವಳು ಆಗ ತಾನೇ ಬಂದು, ಕೂರಲು ಜಾಗ ಮಾಡಿಕೊಳ್ಳುತ್ತ ಮೂಲೆಯ ದಿಂಬನ್ನು ಎತ್ತಿದ್ದಳು. ದಿಂಬಿನಡಿಯ ಗೋಧಿ ಬಣ್ಣವನ್ನು ನೋಡಿದಳು. ಕೋಕಬಳನ್ನು ನೋಡಿದಳು. ದಿಂಬನ್ನು ಅಲ್ಲೇ ಇಟ್ಟು ಅದರ ಮೇಲೆ ಒರಗಿದಳು.

"ನಾನೇ ಸಾಹೇಬ್ರೆ," ಅಂದಳು. "ಕೆಳಗೆ ಕೆಸರು. ಎಲ್ಲಿ ತೊಳೀಲಿ, ನಿಮ್ಮ ಜೀಪಿನ ಮೇಲಾ?"

"ಮೂರು ವರ್ಷದ ಹಿಂದೇನೂ ನೀವೇ ಅಲ್ವಾ, ಮಾಹ್‌ತಲತಮ್ಮ?"

"ಹ್ಞೂಂ, ನಾನೇ. ಬುದ್ಧಿ ಬರಲ್ಲ ನಂಗೆ. ಬರ್ಕೊಳ್ಳಿ."

ಗಂಡಿನ ತಾಯಿ ನಕ್ಕಳು. "ನಾಲ್ಕು ಹಲ್ಲಿಗೆ ಇಷ್ಟೊಂದು ವಿಚಾರಣೆನಾ? ನಮ್ಮೂರಲ್ಲಿ ಪೊರಕೆ ತಗೊಂಡು ಹೊಡೀತೀವಪ್ಪ."

ಎಲ್ಲರೂ ನಕ್ಕರು. ಕೋಕಬಳೂ ನಕ್ಕಳು. ದಾವರಿ ಸಾಹೇಬರು ಹೆಸರು ಬರೆದುಕೊಂಡು, ಚಹಾ ಕುಡಿಯದೆ ಹೊಂಡದ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಮದುವೆಯ ತಿಂಗಳು ನಿಶ್ಚಯವಾಯಿತು.

ನೆಂಟರನ್ನು ಕಳಿಸಿದ ಮೇಲೆ ಕೋಕಬ್ ಹೊಸ್ತಿಲಲ್ಲಿ ಓರಗಿತ್ತಿಯ ತೋಳು ಹಿಡಿದಳು.

"ಅಕ್ಕಾ..."

"ಕೈ ಬಿಡು." ಮಾಹ್‌ತಲತ್ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. "ನಿನಗೋಸ್ಕರ ಮಾಡಿದ್ದಲ್ಲ. ಗುಲಂದಾಮ್ ನಾನು ಎತ್ತಿ ಆಡಿಸಿದ ಕೂಸು. ನನ್ನ ಕಂಬಳಿ ಹೊರಿಸಿದೆಯಲ್ಲ ಅವತ್ತು, ಒಂದು ತಿಂಗಳು ಸೊಂಟ ನೆಟ್ಟಗಾಗಲಿಲ್ಲ ನಂಗೆ."

"ಸಾಹೇಬ್ರ ಹತ್ರ ಹೋಗಿ ಹೇಳ್ತೀನಿ."

"ಹೇಳು ಹೋಗು. ದಾರಿ ಗೊತ್ತಲ್ಲ ನಿಂಗೆ."

ಕೋಕಬ್ ನೋಟ್‌ಬುಕ್ ತೆಗೆದುಕೊಂಡು ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಹೊಂಡದ ಬಳಿ ದಾವರಿ ಸಾಹೇಬರು ಒಬ್ಬರೇ ಪ್ಯಾಂಟು ಮಡಚಿಕೊಂಡು, ಸತ್ತವುಗಳನ್ನು ಬಲೆಯಲ್ಲಿ ಎತ್ತಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಕಿತ್ತಳೆ ಪಟ್ಟೆಗಳು ಆಗಲೇ ಮಾಸಿದ್ದವು. ಎಡಗಣ್ಣಿನ ಮೇಲೆ ಮೂರು ಮಚ್ಚೆಯ ಹೆಣ್ಣೊಂದು ಅಲ್ಲಿತ್ತು. ಅವಳ ಲೆಕ್ಕದ ಮೊದಲ ವರ್ಷದಿಂದ ಬರುತ್ತಿದ್ದದ್ದು.

"ನೀವು ನೋಡಿ ಹೇಳಿ, ನಾನು ಬರೀತೀನಿ," ಎಂದರು ಅವರು. "ನಿಮಗೆ ನನಗಿಂತ ಹೆಚ್ಚು ಬೇಜಾರಾಗಿರುತ್ತೆ."

ಅವಳು ಮಂಡಿಯೂರಿ ಒಂದೊಂದನ್ನೇ ತಿರುಗಿಸಿ ನೋಡಿ ಹೇಳಿದಳು. ಅವರು ಬರೆದುಕೊಂಡರು. ಕೊನೆಯಲ್ಲಿ ತಲೆಯೆತ್ತದೆ ಕೇಳಿದರು.

"ಕಾರಣ?"

ಸುತ್ತ ಯಾರೂ ಇರಲಿಲ್ಲ. ನೀರು ತಿಳಿಯಾಗಿತ್ತು.

"ಆಗಲೇ ಬರ್ಕೊಂಡಿದ್ದೀರಲ್ಲ," ಎಂದಳು ಕೋಕಬ್.

ಅವಳ ನೋಟ್‌ಬುಕ್ಕಿನಲ್ಲಿ ಆ ದಿನದ ಲೆಕ್ಕ: ಗಂಡು ಇಪ್ಪತ್ತೊಂದು. ಹೆಣ್ಣು ಮೂವತ್ತನಾಲ್ಕು. ಮೊಟ್ಟೆ ಬೆಳ್ಳಗಾಗಿದ್ದ ಕಲ್ಲು ಹದಿನೇಳು.