ಉಪ್ಪಿನ ಮೂಟೆಯ ಎತ್ತರ

ನೂರ್ ಅಹ್ಮದರ ಷರತ್ತು ಒಂದೇ. ಮಗಳು ತನ್ನ ಭೌತಶಾಸ್ತ್ರದ ಒಂದು ಪಾಠವನ್ನು ಅವರಿಗೆ ತಿಳಿಯುವಂತೆ ಹೇಳಬೇಕು. ತಿಳಿದರೆ ಮತ್ತೆ ಧಾರವಾಡದ ಕಾಲೇಜು. ತಿಳಿಯದಿದ್ದರೆ ಯಲ್ಲಾಪುರದ ಸಂಬಂಧಕ್ಕೆ ಒಪ್ಪಿಗೆ.

ಮಗಳು ಶಮ್ಸುನ್ನಿಸಾ ಇಂಟರ್ ಸಾಯನ್ಸಿನಲ್ಲಿ ನಪಾಸಾಗಿ ಶಿರಸಿಗೆ ಬಂದಿದ್ದಳು. ಆರು ತಿಂಗಳು ಅವಳಿಗೆ ಪಾಠ ಹೇಳಿದವಳು ನಾನು, ಆ ಮನೆಯವರಿಗೆ ಅಕ್ಕೋರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದೆ, ನನ್ನ ಬಿ.ಎಸ್ಸಿ. ಅಲ್ಲಿಯವರೆಗೆ ಯಾರಿಗೂ ಬೇಕಾಗಿರಲಿಲ್ಲ.

ನೂರ್ ಅಹ್ಮದರು ಹನ್ನೆರಡು ವರ್ಷ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿಸಿ ಉಪ್ಪಿನ ಲಾರಿ ಓಡಿಸಿದವರು. ಅವರಿಗೆ ಮಗಳ ಬುದ್ಧಿಯ ಮೇಲೆ ಸಂಶಯವಿರಲಿಲ್ಲ, ಬಾಯಿಪಾಠದ ಮೇಲಿತ್ತು. ಅಕ್ಕೋರು ನಡುವೆ ಮಾತಾಡಬಾರದು ಎಂದು ನನಗೂ ಹೇಳಿ, ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟರು.

ಎದುರುಬದುರಾಗಿ ಎರಡು ಲೋಹದ ತಗಡು, ನಡುವೆ ಸಮ ಅಂತರದ ನೇರ ಬಾಣಗಳು. ಏಕರೂಪ ವಿದ್ಯುತ್ ಕ್ಷೇತ್ರದಲ್ಲಿ ವಿಭವ ಎಂದರೇನು. ಪರೀಕ್ಷೆಯಲ್ಲಿ ಅವಳು ತಪ್ಪಿದ್ದು ಅಲ್ಲಿಯೇ.

ನಾನು ಕಲಿಸಿದ ಹಾಗೆ ಅವಳು ಎತ್ತರದ ನೀರಿನ ಟಾಕಿ, ಕೆಳಗಿನ ನಲ್ಲಿ ಎಂದು ಶುರುಮಾಡಿದಳು. ಈ ಚಿತ್ರದಲ್ಲಿ ನೀರೆಲ್ಲಿದೆ ಎಂದು ತಂದೆ ಕೇಳಿದರು.

"ಬಾಣ ಎಲ್ಲಾ ಕಡೆ ಒಂದೇ ಸಮ ಅದೆ," ಎಂದರು ಅವರು. "ಅಂದ್ರೆ ಜೋರು ಒಂದೇ. ಮತ್ತೆ ಈ ತಗಡಿನ ಹತ್ರಕ್ಕೂ ಆ ತಗಡಿನ ಹತ್ರಕ್ಕೂ ಫರಕು ಎಂತದು?"

ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ನನ್ನ ನಾಲಿಗೆಯ ಮೇಲಿತ್ತು. ಸೆರಗು ಹಿಡಿದು ಕೂತೆ.

ಶಮ್ಸು ಪುಸ್ತಕ ಸರಿಸಿದಳು. "ಅಬ್ಬಾ, ಉಪ್ಪಿನ ಮೂಟೆ ಘಟ್ಟದ ಬುಡದಲ್ಲಿ ಎಷ್ಟು ಭಾರ, ನೆತ್ತಿಯಲ್ಲಿ ಎಷ್ಟು ಭಾರ?"

"ಅಷ್ಟೇ."

"ನಿಮ್ಮ ಲಾರಿ ಬ್ರೇಕು ಹೋಯ್ತಲ್ಲ, ಎಲ್ಲಿ ಹೋಯ್ತು?"

ಆ ಅಪಘಾತದಿಂದ ಅವರ ಎಡಗೈ ಪೂರ್ತಿ ಚಾಚುವುದಿಲ್ಲ. ಅದನ್ನೊಮ್ಮೆ ಸವರಿಕೊಂಡರು. "ಕೆಳಗಿನ ಕೊನೇ ತಿರುವು. ಅದಕ್ಕೇ ಉಳಿದೆ. ನೆತ್ತಿಯಿಂದ ಜಾರಿದ್ರೆ ಇದನ್ನ ಕೇಳೋಕೆ ನಾ ಇರ್ತಿರ್ಲಿಲ್ಲ."

"ಭಾರ ಒಂದೇ, ಫರಕು ಎತ್ತರದ್ದು. ಹತ್ತಿಸಿದ ಶ್ರಮ ಮೂಟೆ ಜೊತೆ ಕೂತಿರ್ತದೆ. ಇಲ್ಲಿ ಧನ ವಿದ್ಯುತ್ತೇ ಮೂಟೆ, ಈ ಧನ ತಗಡೇ ನೆತ್ತಿ. ಅದರ ಕಡೆ ದೂಡಿದ ಒಂದೊಂದು ಅಂಗುಲಕ್ಕೂ ಒಂದೇ ಸಮ ಏರ್ತದೆ. ಒಂದು ಮೂಟೆಗೆ ಎಷ್ಟು ಶ್ರಮ ಕೂತಿತು, ಅದೇ ಆ ಜಾಗದ ವಿಭವ."

ಅವರು ಬೇಗ ಬಿಡಲಿಲ್ಲ. ಕೂಲಿಯವರು ಕಾಲುದಾರಿಯಲ್ಲಿ ಹೊತ್ತು ತರುತ್ತಾರೆ, ಲಾರಿ ಸುತ್ತಿ ಸುತ್ತಿ ಹೆಚ್ಚು ಪೆಟ್ರೋಲು ಸುಡುತ್ತದೆ. ಹಾಗಾದರೆ ಲಾರಿಯ ಮೂಟೆಯಲ್ಲಿ ಹೆಚ್ಚು ಕೂತಿತೇ ಎಂದರು.

ಅವಳು ನಕ್ಕಳು. "ಹೆಚ್ಚಿನದು ನಿಮ್ಮ ಟಾಯರಿಗೂ ರೇಡಿಯೇಟರಿಗೂ ಹೋಯ್ತು, ಅಬ್ಬಾ. ಮೂಟೆಗೆ ಎತ್ತರ ಗೊತ್ತು, ದಾರಿ ಗೊತ್ತಿಲ್ಲ."

ನೂರ್ ಅಹ್ಮದರು ಮತ್ತೊಮ್ಮೆ ಚಿತ್ರ ನೋಡಿದರು. ಒಂದು ತಗಡಿನಿಂದ ಇನ್ನೊಂದಕ್ಕೆ ಬೆರಳನ್ನು ನಿಧಾನ ಎಳೆದರು, ಘಟ್ಟ ಇಳಿಯುವವರ ಹಾಗೆ. ಆಮೇಲೆ ಪರದೆಯ ಆಚೆ ಇದ್ದ ಹೆಂಡತಿ ರಹಿಮತ್‌ಬಿಗೆ, ಯಲ್ಲಾಪುರದವರಿಗೆ ಬೇರೆ ಹುಡುಗಿ ನೋಡಲು ಹೇಳಿಕಳಿಸು ಎಂದರು.

"ಘಟ್ಟದ ಮಾತು ನೀವು ಕಲಿಸಿದ್ದಾ, ಅಕ್ಕೋರೆ?" ಎಂದು ನನ್ನ ಕಡೆ ತಿರುಗಿದರು.

"ಅಲ್ಲ," ಎಂದೆ. "ನಾನು ಟಾಕಿಯ ನೀರು ಹೇಳಿಕೊಟ್ಟಿದ್ದೆ. ಇದು ಅವಳದೇ."

ಅದನ್ನು ಹೇಳುವಾಗ ನಾನು ನಗುತ್ತಿದ್ದೆನಂತೆ. ಶಮ್ಸು ಆಮೇಲೆ ಹೇಳಿದಳು.