ಏಡಿ ಮಾಡಿದ ದಾರಿ

ಮಳೆಗಾಲ ಹಿಂದೆ ಸರಿದು ಬಿಸಿಲು ಚುರುಕಾಗತೊಡಗಿದ್ದ ದಿನಗಳು. ಬೆಳಗ್ಗೆ, ಅಳಿವೆಯ ನೀರು ಪೂರ್ತಿ ಇಳಿದ ಹೊತ್ತಿಗೆ, ಕೆಸರಜ್ಜನ ಶವಪೆಟ್ಟಿಗೆ ಅವನೇ ಉಪ್ಪುನೀರಿನ ಕೆಸರಲ್ಲಿ ನೆಟ್ಟ ಕಾಂಡ್ಲಾ ಗಿಡಗಳ ನಡುವೆ ಸಿಕ್ಕಿಕೊಂಡಿತು.

"ಎತ್ತಿ!" ಎಂದ ದೋಣಿಯವನು. ಸತ್ತವನ ಹೆಂಡತಿಯ ತಮ್ಮ ಅವನು.

"ಎತ್ತಿದ್ರೆ ಕೊಂಬೆ ತಾಗುತ್ತೆ," ಎಂದ ಬಡಗಿ.

"ಇಳಿಸಿ ಹಾಗಾದ್ರೆ."

"ಇಳಿಸಿದ್ರೆ ಬೇರು ತಾಗುತ್ತೆ."

"ಇಷ್ಟು ಅಗಲ ಯಾಕಯ್ಯಾ ಮಾಡಿದೆ? ಭಾವ ಒಬ್ರೇ ತಾನೇ ಹೋಗೋದು?"

ಬಡಗಿಗೆ ಜೀವಮಾನವಿಡೀ ಕಪಾಟು ಮಾಡಿಯೇ ರೂಢಿ. ಪೆಟ್ಟಿಗೆಗೂ ಹಿಡಿಕೆ ಇಟ್ಟಿದ್ದ. ಚಿಲಕವನ್ನು ಮಾತ್ರ ಗಡಿಬಿಡಿಯಲ್ಲಿ ಒಳಗಡೆ ಹೊಡೆದಿದ್ದ.

ಹಿಂದೆ ಹೆಗಲು ಕೊಟ್ಟಿದ್ದ ಕೆಸರಜ್ಜನ ಅಳಿಯನ ಒಂದು ಬೂಟು ಆಗಲೇ ಕೆಸರಿನ ಪಾಲಾಗಿತ್ತು. ಇನ್ನೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ಅವನು ಒಂಟಿಕಾಲಲ್ಲಿ ನಿಂತಿದ್ದ. ನಾಲ್ಕನೆಯವನು ಸೌದೆ ಅಂಗಡಿಯವನು. ಈ ಗಿಡಗಳಿಗೆ ಕೈ ಹಾಕಿದನೆಂದು ಕೆಸರಜ್ಜ ಅವನನ್ನು ಅದೆಷ್ಟು ಸಲ ಅಟ್ಟಿಸಿಕೊಂಡು ಹೋಗಿದ್ದನೋ.

"ಕತ್ತಿ ತಂದಿದ್ದೀನಿ," ಎಂದ ಅವನು, ದುಃಖದ ಮುಖ ಮಾಡಿ. "ಎರಡೇ ಕೊಂಬೆ. ಅಜ್ಜ ಈಗ ಎದ್ದು ಬರೋದಿಲ್ಲವಲ್ಲ."

ನಾಲ್ವರೂ ಪೆಟ್ಟಿಗೆಯತ್ತ ನೋಡಿದರು.

"ಚಿಲಕ ಒಳಗಡೆ ಇದೆ," ಎಂದು ಬಡಗಿ ಮೆಲ್ಲಗೆ ನೆನಪಿಸಿದ.

ಕತ್ತಿ ಸೊಂಟದಲ್ಲೇ ಉಳಿಯಿತು.

ಸೇತುವೆ ಮೇಲಿಂದ ಒಯ್ಯಬೇಡಿ, ನನ್ನ ಗಿಡಗಳ ನಡುವೆಯೇ ಒಯ್ಯಿರಿ, ಆದರೆ ಒಂದು ಕೊಂಬೆಯನ್ನೂ ಕಡಿಯಬೇಡಿ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡೇ ಕೆಸರಜ್ಜ ಕಣ್ಣು ಮುಚ್ಚಿದ್ದು. ಹೂಳುವ ದಿಬ್ಬ ಆಚೆ ದಡದಲ್ಲಿತ್ತು. ನೀರು ತಿರುಗಿ ಏರುವುದರೊಳಗೆ ದಾಟಬೇಕಿತ್ತು. ಯಾವ ಕಡೆಯಿಂದ ಹೋಗುವುದೆಂದು ಗಂಡಸರೇ ಕೂತು ತೀರ್ಮಾನಿಸಿದ್ದರು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

"ಅಕ್ಕಾ, ನೀರು ಬರ್ತಿದೆ," ದೋಣಿಯವನು ದಡದತ್ತ ಕೂಗಿದ. "ಕಡೀಲಾ, ಸೇತುವೆಗೆ ಹೋಗ್ಲಾ? ಎರಡರಲ್ಲಿ ಒಂದು ಮಾತು ಬಿಡು."

"ಎರಡೂ ಬಿಡೋದಿಲ್ಲ," ಎಂದಳು ಅಜ್ಜಿ.

*

ಮೊದಲು ಅಲ್ಲಿ ಬರೀ ಕೆಸರಿತ್ತು. ಗಾಳಿ ಎದ್ದಾಗ ಅಲೆ ಅಡುಗೆಮನೆಯ ಹೊಸ್ತಿಲಿಗೇ ಬರುತ್ತಿತ್ತು. ಹಾಗೆಂದೇ ಕೆಸರಜ್ಜ ನೆಡಲು ಹೊರಟದ್ದು. ಕಾಂಡ್ಲಾದ ಬೀಜ ತಾಯಿಮರದಲ್ಲೇ ಮೊಳೆತು ಉದ್ದ ಕೋಲಿನಂತೆ ಜೋತು ಬೀಳುತ್ತದೆ. ಮೊದಲ ವರ್ಷ ಅವನು ಎಲ್ಲವನ್ನೂ ತಲೆಕೆಳಗಾಗಿ ನೆಟ್ಟ. ಎರಡನೆಯ ವರ್ಷ ಸರಿಯಾಗಿ ನೆಟ್ಟ. ಗಿಡಗಳು ಹಿಡಿದವು, ಕಾಲಿನಂಥ ಬೇರು ಇಳಿಬಿಟ್ಟವು, ಅಲೆ ಅಲ್ಲೇ ಸುಸ್ತಾಗಿ ನಿಂತಿತು.

ಹಿತ್ತಿಲಿನಿಂದ ದಿಬ್ಬದವರೆಗೆ ಒಂದು ಪಟ್ಟಿಯಲ್ಲಿ ಮಾತ್ರ ಏನು ನೆಟ್ಟರೂ ನಿಲ್ಲಲಿಲ್ಲ.

"ಏಡಿ ಕಾಟ," ಎನ್ನುತ್ತಿದ್ದ. ಬೇಲಿ ಕಟ್ಟಿದ, ಬಿದಿರಿನ ಕೊಳವೆ ತೊಡಿಸಿದ. "ಎಲ್ಲ ಮುರಿದುಹಾಕಿದೆ ನೋಡು. ಎಂಥ ಜಾತಿ ಏಡಿಯೋ!"

ಅನ್ನ ಆರುತ್ತಿದೆ ಎಂದು ಕರೆಯಲು ಬಂದಿದ್ದ ಹೆಂಡತಿ ತನ್ನ ಕಾಲಡಿ ನೋಡಿಕೊಂಡಳು. ಒಂದು ಎಳೆಗಿಡ ಅಪ್ಪಚ್ಚಿಯಾಗಿತ್ತು.

"ಆ ಏಡಿಗೆ ಮನೇಲಿ ಊಟಕ್ಕೆ ಕರೆಯೋರು ಯಾರೂ ಇಲ್ಲವೇನೋ," ಎಂದಳು. "ನಿಮಗೆ ಇದ್ದಾರಲ್ಲ, ನಡೀರಿ."

ದಿನವೂ ಹೀಗೇ: ಬರುವಾಗ ಒಬ್ಬಳು, ಹೋಗುವಾಗ ಇಬ್ಬರು, ಪಕ್ಕಪಕ್ಕ, ಜಗಳವಾಡುತ್ತ.

*

"ಹಿಂದಕ್ಕೆ ಎಳೀರಿ. ಹಿತ್ತಿಲಿಗೆ ಬನ್ನಿ," ಎಂದಳು ಅಜ್ಜಿ.

ಸೌದೆ ರಾಶಿಯ ಹಿಂದೆ, ಎಲೆಗಳ ಮರೆಯಲ್ಲಿ, ಗಿಡ ನಿಲ್ಲದ ಆ ಪಟ್ಟಿ ಬಾಯಿ ತೆರೆದುಕೊಂಡಿತ್ತು. ಅವಳು ಮುಂದೆ ನಡೆದಳು. ಪೆಟ್ಟಿಗೆ ಎರಡೂ ಕಡೆ ಎಲೆ ಸವರುತ್ತ ಹಿಂದೆಯೇ ಸಾಗಿತು. ಒಂದು ಕೊಂಬೆಯೂ ಮುರಿಯಲಿಲ್ಲ.

"ಅಳತೆ ತಗೊಂಡೇ ಮಾಡಿದ್ದು ನಾನು," ಎಂದು ಬಡಗಿ ಬೀಗಿದ.

"ಅಕ್ಕಾ, ಇದ್ಯಾರು ಮಾಡಿದ ದಾರಿ?"

"ಏಡಿ."

"ಇಷ್ಟು ಅಗಲಕ್ಕೆ? ಎಷ್ಟು ದೊಡ್ಡ ಏಡಿ ಇರಬೇಕು!"

ಅಜ್ಜಿ ಕೆಸರಿನಿಂದ ಕಾಲು ಕಿತ್ತು ಮುಂದಿಟ್ಟಳು. "ಆಗ ಗಟ್ಟಿಮುಟ್ಟಾಗಿತ್ತು. ಈಗ ಮಂಡಿನೋವು."

ದೋಣಿಯವನಿಗೆ ಅರ್ಥವಾಗಲು ಹತ್ತು ಹೆಜ್ಜೆ ಹಿಡಿಯಿತು. "ಭಾವನಿಗೆ ಗೊತ್ತಿತ್ತಾ?"

"ಬೇಲಿ ಕಟ್ಟಿದ್ರಲ್ಲ," ಎಂದಳು ಅಜ್ಜಿ. "ನಾನು ದಾಟೋ ಕಡೆ ಮಾತ್ರ ತಗ್ಗಾಗಿ ಕಟ್ಟಿದ್ರು."

ದಿಬ್ಬ ಹತ್ತುವಾಗ ನೀರು ಅಳಿಯನ ಉಳಿದ ಬೂಟನ್ನೂ ಒಯ್ದಿತು.

*

ಕೆಸರಜ್ಜ ತೀರಿಕೊಂಡದ್ದು ಬುಧವಾರ, ಮಣ್ಣು ಮಾಡಿದ್ದು ಗುರುವಾರ. ಬಂದವರೆಲ್ಲ ಅಂದೇ ಸಂಜೆ ಸೇತುವೆ ಹಾದು ಹೋದರು.

ಶುಕ್ರವಾರ ಊಟದ ಹೊತ್ತಿಗೆ ನೀರಿಳಿದಿತ್ತು. ಅಜ್ಜಿ ಅನ್ನಕ್ಕೆ ಮುಚ್ಚಳ ಮುಚ್ಚಿ, ಅಭ್ಯಾಸಬಲದಿಂದ ಹಿತ್ತಿಲಿಗೆ ಬಂದು ಕೆಸರಿಗಿಳಿದಳು. ನಿನ್ನೆ ತಾನಿಟ್ಟ ಹೆಜ್ಜೆಯೊಂದರ ಗುಳಿಯಲ್ಲಿ, ಮರದಿಂದ ಬಿದ್ದ ಒಂದು ಕಾಂಡ್ಲಾ ಕೋಲು ನೆಟ್ಟಗೆ ನಾಟಿಕೊಂಡಿತ್ತು.

ಅವಳು ಎತ್ತಿದ ಕಾಲನ್ನು ಹಾಗೇ ಹಿಡಿದು, ಪಕ್ಕಕ್ಕೆ ಇಟ್ಟಳು.